ಕಿಂಡಿಯ ಆಚೆಗೆ ಇಳಿದವರು

ಅವರ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ತೋರುಬೆರಳಿನ ಒಂದು ಗೆಣ್ಣು, ಅಷ್ಟೇ. ಮಿಕ್ಕ ಬೆರಳುಗಳ ಜಾಗದಲ್ಲಿ ಚರ್ಮ ನುಣ್ಣಗೆ ಮುಚ್ಚಿಕೊಂಡು ಮಿರುಗುತ್ತಿತ್ತು. ಆ ಒಂದೂವರೆ ಬೆರಳಿನಲ್ಲೇ ಟೀ ಲೋಟ ಹಿಡಿಯುತ್ತಿದ್ದರು, ಕಟ್ಟಿನಿಂದ ಬೀಡಿ ಎಳೆಯುತ್ತಿದ್ದರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಆಗದೇ ಇದ್ದದ್ದು ಪೆನ್ನು ಹಿಡಿಯುವುದು. ಎಡಗೈಯಲ್ಲಿ ಬರೆಯಲು ಕಲಿತಿದ್ದರಂತೆ, ಆದರೆ ಆ ಅಕ್ಷರ ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ನನ್ನ ಅಂಗಡಿಗೆ ಬಂದರು.

ಶಿಕಾರಿಪುರದಲ್ಲಿ ತಾಲ್ಲೂಕು ಆಫೀಸಿನ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಪಹಣಿ ತಿದ್ದುಪಡಿ, ಹೊಲ ಪಾಲು ಮಾಡಿ ಅಳೆಸುವ ಪೋಡಿ, ಜಾತಿ ಸರ್ಟಿಫಿಕೇಟು, ಇವುಗಳ ಅರ್ಜಿಯೇ ನನ್ನ ಹೊಟ್ಟೆಪಾಡು. ಬಾಗಿಲು ತೆಗೆದ ಹೊಸತರಲ್ಲಿ ಆ ಅಂಗಡಿ ಸಾಲಿಗೆಲ್ಲ ನಾನೊಬ್ಬಳೇ ಹೆಂಗಸು. ಕೆಲವರು ಜೆರಾಕ್ಸಿನ ನೆಪ ಮಾಡಿಕೊಂಡು ಬಂದು, ಬೇಡದ ಮಾತಾಡಿ, ಹಲ್ಲು ಕಿರಿದು ಹೋಗುತ್ತಿದ್ದರು. ನನಗೆ ಬಾಯಿ ಜೋರು. ಒಬ್ಬಿಬ್ಬರಿಗೆ ಚೆನ್ನಾಗಿ ಉಗಿದೂ ಇದ್ದೆ. ಆದರೂ ಮನೆಗೆ ಹೋಗಿ ಅಳುವುದು ತಪ್ಪಿರಲಿಲ್ಲ. ಒಂದೂವರೆ ಬೆರಳಿನ ಇವರು ಬಂದು ಬೆಂಚಿನ ಮೇಲೆ ಕೂರಲು ಶುರು ಮಾಡಿದ್ದೇ ತಡ, ಅವರೆಲ್ಲ ಎಲ್ಲಿ ಮಾಯವಾದರೋ ಗೊತ್ತಿಲ್ಲ. ಇವರು ಯಾರಿಗೂ ಒಂದು ಮಾತು ಅಂದವರಲ್ಲ. ಬಂದವನ ಮುಖವನ್ನು ಸುಮ್ಮನೆ ನೋಡುತ್ತಿದ್ದರು.

ಎಲ್ಲರೂ ಅವರನ್ನು ಮಿಲ್ಟ್ರಿಯವರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಾಳಗುಂದದ ಕಡೆಯವರು. ಕುರಿ ಸಾಕುವ ಮನೆತನ, ಸ್ವಲ್ಪ ಮೆಕ್ಕೆಜೋಳದ ಹೊಲ. ಸೈನ್ಯದಲ್ಲಿದ್ದಾಗ ಹಿಮ ಕಚ್ಚಿ ಬೆರಳು ಹೋಗಿದ್ದವು, ಬೇಗ ಮನೆಗೆ ಕಳಿಸಿದ್ದರು.

"ಒಂದು ಪುಸ್ತಕ ಟೈಪ್ ಮಾಡಬೇಕಿತ್ತವ್ವ" ಅಂದರು ಮೊದಲ ದಿನ.

"ಕೊಡ್ರಿ. ಎಷ್ಟು ಪೇಜ್ ಐತೆ?"

ಎಡಗೈಯಿಂದ ಹಣೆ ಮುಟ್ಟಿ ತೋರಿಸಿದರು. "ಇಲ್ಲೈತೆ. ನಾ ಹೇಳ್ತಾ ಹೋಗ್ತೀನಿ, ನೀ ಹೊಡಿ."

ಅಯ್ಯೋ ನನ್ನ ಕರ್ಮವೇ, ಬೆಳಿಗ್ಗೆ ಬೆಳಿಗ್ಗೆ ಯಾರ ಮುಖ ನೋಡಿದ್ದೆನೋ ಅಂದುಕೊಂಡೆ.

ಪುಸ್ತಕ ಕಾರಕೋರಂ ಬೆಟ್ಟಗಳದ್ದು. ಲಡಾಖಿನಿಂದ ಉತ್ತರಕ್ಕೆ ಹುಲ್ಲುಕಡ್ಡಿಯೂ ಇಲ್ಲದ, ಬರೀ ಬಂಡೆ, ಹಿಮನದಿ, ಗಾಳಿ ಇರುವ ಸೀಮೆ. ಅಲ್ಲಿಗೆ ಯಾರು ಮೊದಲು ಹೋದರು, ಯಾವ ದಾರಿ ಹಿಡಿದು ಹತ್ತಿದರು, ಎಲ್ಲಿ ಸೋತು ಹಿಂದೆ ಬಂದರು, ಅದರ ಚರಿತ್ರೆ. ಸತ್ತ ಕುದುರೆಗಳ ಮೂಳೆಯ ಗುರುತು ಹಿಡಿದೇ ದಾರಿ ಕಂಡುಕೊಳ್ಳುತ್ತಿದ್ದ ಹಳೆಯ ವ್ಯಾಪಾರಿಗಳಿಂದ ಶುರು. ಆಮೇಲೆ ಬ್ರಿಟಿಷರ ಕಾಲದಲ್ಲಿ ವೇಷ ಮರೆಸಿಕೊಂಡು, ಜಪಮಾಲೆಯ ಮಣಿ ಸರಿಸುತ್ತ ಹೆಜ್ಜೆ ಎಣಿಸಿ ನಕ್ಷೆ ಮಾಡಿದವರು. ಅದಾದ ಮೇಲೆ ದೂರದಲ್ಲಿ ನಿಂತು, ದುರ್ಬೀನಿನಲ್ಲಿ ನೋಡಿ, ಶಿಖರಗಳಿಗೆಲ್ಲ ನಂಬರ್ ಕೊಟ್ಟ ಸರ್ವೆಯವರು.

"ನಮ್ಮ ಹೊಲದ ಸರ್ವೆ ನಂಬರ್ ಇದ್ದಂಗೇ ನೋಡವ್ವ. ಅಂಥಾ ಬೆಟ್ಟಕ್ಕೆ ಹೆಸರಿಡೋಕೆ ಪುರುಸೊತ್ತಿಲ್ಲ, ನಂಬರ್ ಹೊಡೆದು ಹೋದ್ರು."

ಪೋಡಿ ಅರ್ಜಿಗೆ ಕಾಯುತ್ತ ಕೂತಿದ್ದ ಈಸೂರಿನ ರೈತರೊಬ್ಬರು, "ಪುಣ್ಯಾತ್ಮರು ಅಷ್ಟಾದ್ರೂ ಮಾಡಿದ್ರಲ್ರಿ, ನಮ್ಮ ಸರ್ವೆಯೋರು ಮೂರು ವರ್ಷ ಆತು, ಹೊಲದ ಕಡೆ ತಲೆ ಹಾಕಿಲ್ಲ" ಅಂದರು. ಮಿಲ್ಟ್ರಿಯವರು ನಕ್ಕದ್ದನ್ನು ನಾನು ನೋಡಿದ್ದು ಎರಡೋ ಮೂರೋ ಸಲ, ಅದರಲ್ಲಿ ಇದೊಂದು.

ನಿಂತುಕೊಂಡೇ ಹೇಳುತ್ತಿದ್ದರು. ವಾಕ್ಯ ಮುಗಿದರೆ "ಪೂರ್ಣವಿರಾಮ!" ಎಂದು ಪರೇಡಿನಲ್ಲಿ ಕೂಗುವಂತೆ ಕೂಗುತ್ತಿದ್ದರು. ಜೆರಾಕ್ಸಿಗೆ ಬಂದವರು ಬೆಚ್ಚಿ ಬೀಳುತ್ತಿದ್ದರು. ಪ್ರತಿಯೊಂದು ತಂಡಕ್ಕೂ ಎಷ್ಟು ಹಮಾಲರು ಹೊರೆ ಹೊತ್ತರು ಎಂದು ಬರೆಸಲೇಬೇಕು. ಅವರ ಹೆಸರು ಯಾವ ಪುಸ್ತಕದಲ್ಲೂ ಇರುತ್ತಿರಲಿಲ್ಲ. "ಹೆಸರು ಗೊತ್ತಿಲ್ಲ ಅಂತಾನಾದ್ರೂ ಬರಿ. ಇದ್ರು ಅಂತ ಗೊತ್ತಾಗ್ಲಿ" ಅನ್ನುತ್ತಿದ್ದರು. ಮನೆಯಲ್ಲಿ ಅವರದೊಂದು ಕಬ್ಬಿಣದ ಟ್ರಂಕಿನ ತುಂಬ ಹಳೆಯ ಇಂಗ್ಲಿಷ್ ಪುಸ್ತಕ, ಜೆರಾಕ್ಸ್ ಪ್ರತಿ, ಹಾಳೆ ಕಿತ್ತು ಬರುತ್ತಿದ್ದ ಡಿಕ್ಷನರಿ. ಸೈನ್ಯದಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ಅಷ್ಟನ್ನೂ ಒಬ್ಬರೇ ಕೂತು ಓದಿದ್ದರು.

ತಿಂಗಳುಗಟ್ಟಲೆ ಟೈಪ್ ಮಾಡಿದ ಮೇಲೆ ನನಗೆ ಒಂದು ವಿಚಿತ್ರ ಗೊತ್ತಾಯಿತು. ಶಿಖರ ಹತ್ತಿದ ವಿಷಯ ಬಂದರೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಿದ್ದರು. ಆದರೆ ಹೋದವರು ಬೆಟ್ಟದ ಆಚೆ ಬದಿಗೆ ಇಳಿದರೋ ಇಲ್ಲವೋ, ಇಳಿದಿದ್ದರೆ ಎಲ್ಲಿಂದ, ಹಗ್ಗ ಎಷ್ಟಿತ್ತು, ಬದುಕಿ ಬಂದರೋ, ಅದಕ್ಕೆ ಪುಟಗಟ್ಟಲೆ. ಒಂದು ದಿನ ನನಗೆ ತಲೆ ಕೆಟ್ಟಿತು.

"ಅಲ್ರಿ ಮಿಲ್ಟ್ರಿಯೋರೇ, ಓದೋರಿಗೆ ಹತ್ತಿದ್ದು ಬೇಕಾಗಿರ್ತದೆ. ನೀವು ಬರೀ ಇಳಿದಿದ್ದೇ ಹೇಳ್ತೀರಲ್ಲ, ಯಾರು ಓದ್ತಾರೆ ಇದನ್ನ?"

"ಓದೋರು ಒಬ್ರು ಅದಾರವ್ವ. ಸೊರಬದ ಕಡೆ" ಅಂದರು. ಬೆಂಚಿನ ಮೇಲೆ ಕೂತರು. ಅವತ್ತು ಎಲ್ಲ ಹೇಳಿದರು, ಅಥವಾ ಎಲ್ಲ ಹೇಳಿದರು ಎಂದು ನಾನು ತಿಳಿದುಕೊಂಡೆ.

ಹೊಸ ದಾರಿ ಹುಡುಕಲು ಹೊರಟ ಸೈನ್ಯದ ಒಂದು ತಂಡದಲ್ಲಿ ಕನ್ನಡದವರು ಇಬ್ಬರೇ ಇದ್ದರಂತೆ. ಇವರು, ಮತ್ತೆ ಚಂದ್ರಗುತ್ತಿ ಕಡೆಯ ಒಬ್ಬ ಗೆಳೆಯ. ಒಂದೇ ಹಗ್ಗದ ಎರಡು ತುದಿ ಸೊಂಟಕ್ಕೆ ಕಟ್ಟಿಕೊಂಡು ನಡೆಯುವ ಜೋಡಿ. ಎರಡು ಶಿಖರಗಳ ನಡುವೆ ಒಂದು ಕಿಂಡಿ. ಕಿಂಡಿಯ ಆಚೆ ಏನಿದೆ ಎಂದು ಅವರ ನಕ್ಷೆಯಲ್ಲಿ ಇರಲಿಲ್ಲ, ಬರೀ ಬಿಳಿ ಜಾಗ. ಇವರಿಬ್ಬರು ಮತ್ತು ಒಬ್ಬ ಆಫೀಸರ್ ಅಲ್ಲಿ ಡೇರೆ ಹಾಕಿದ್ದರು. ಮಾರನೇ ಬೆಳಿಗ್ಗೆ ಬಿರುಗಾಳಿ. ನಾಲ್ಕು ಮಾರು ಆಚೆ ಉರುಳಿದ್ದ ಸೀಮೆಎಣ್ಣೆ ಡಬ್ಬಿ ತರಲು ಗೆಳೆಯ ಹಗ್ಗ ಬಿಚ್ಚಿಟ್ಟು ಹೋದ. ಕಾಲ ಕೆಳಗಿದ್ದದ್ದು ನೆಲವಲ್ಲ, ಗಾಳಿ ಕಟ್ಟಿದ ಹಿಮದ ಚಾಚು. ಅದು ಮುರಿದು, ಅದರ ಜೊತೆ ಅವನೂ ಆಚೆ ಬದಿಗೆ ಹೋಗಿಬಿಟ್ಟ. ಮಧ್ಯಾಹ್ನ ಕಳೆದ ಮೇಲೆ ಆಫೀಸರ್ ಕೆಳಗಿಳಿಯಲು ಹುಕುಂ ಮಾಡಿದರು. ಕಾಗದದಲ್ಲಿ 'ಕಾಣೆ' ಎಂದು ಬರೆದರು.

"ಅವನ ಸಾಮಾನು ತಗೊಂಡು ಚಂದ್ರಗುತ್ತಿಗೆ ನಾನೇ ಹೋದೆ. ಮದುವೆ ಆಗಿ ಅವನು ಎರಡು ರಜೆಗೆ ಬಂದಿದ್ದ, ಅಷ್ಟೇ. ಹೆಂಡ್ತಿ ಇನ್ನೂ ಹುಡುಗಿ. ಬಾಗಿಲಲ್ಲಿ ನಿಂತು, ಸತ್ತರಾ ಅಣ್ಣಯ್ಯಾ ಅಂದ್ಲು."

ಇಷ್ಟು ಹೇಳಿ ಕಟ್ಟಿನಿಂದ ಒಂದು ಬೀಡಿ ಎಳೆದರು.

"ನಮ್ಮ ಮನೇಲಿ ಒಂದು ಪದ್ಧತಿ ಐತವ್ವ. ಬೇರೆಯವರ ಕುರಿ ನಮ್ಮ ಮಂದೇಲಿ ಮೇಯೋಕೆ ಬಿಟ್ಟಿರ್ತಾರಲ್ಲ, ಅದೇನಾದ್ರೂ ಸತ್ರೆ ಗುರುತಿನ ಕಿವಿ ಕೊಯ್ದು ತಂದು ಯಜಮಾನನ ಕೈಗಿಡಬೇಕು. ಕಿವಿ ಇಲ್ದೆ ಸತ್ತೋತು ಅನ್ನಂಗಿಲ್ಲ. ತಪ್ಪಿಸ್ಕೊಂಡೈತೆ ಅನ್ಬೇಕು, ಹುಡುಕ್ತೀನಿ ಅನ್ಬೇಕು. ನಮ್ಮಪ್ಪ, ಕಿವಿ ತರ್ದೆ ಸತ್ತೋತು ಅಂದವನೊಬ್ಬನ್ನ ಹಟ್ಟಿ ಬಿಟ್ಟೇ ಓಡಿಸಿದ್ದ. ಹುಟ್ಟಿದಾಗಿಂದ ನಾಲಿಗೆಗೆ ಅದೇ ರೂಢಿ. ಆ ಹುಡುಗಿ ಮುಂದೆ ನನ್ನ ಬಾಯಲ್ಲಿ ಬಂದಿದ್ದೂ ಅದೇ. ಕಣ್ಣಾರೆ ಕಂಡಿಲ್ಲ ತಂಗಿ, ಆ ಕಡೆ ಇಳಿದಿದ್ರೂ ಇಳಿದಿರಬಹುದು, ಹುಡುಕ್ತೀನಿ ಅಂದುಬಿಟ್ಟೆ."

ಆ ಒಂದು 'ಇರಬಹುದು'ವಿನ ಮೇಲೆ ಆಕೆ ನಲವತ್ತು ವರ್ಷ ಕೂತಿದ್ದರು. ತವರಿನವರು ಬಂದು, ನೀನಿನ್ನೂ ಚಿಕ್ಕವಳು, ಬೇರೆ ಕಡೆ ಕೂಡಿಕೆ ಮಾಡುತ್ತೇವೆ ಅಂದರು. ಆಗುವುದಿಲ್ಲ ಎಂದು ಕಳಿಸಿದರು. ವರ್ಷಗಳಾದ ಮೇಲೆ ಸರ್ಕಾರದಿಂದ ಸತ್ತ ಎಂದೇ ಕಾಗದ ಬಂತು. ದಿಲ್ಲಿಯಲ್ಲಿ ಕೂತವರಿಗೆ ಏನು ಗೊತ್ತು, ಜೊತೆಗಿದ್ದ ಅಣ್ಣಯ್ಯನೇ ಇಳಿದಿರಬಹುದು ಅಂದಿದ್ದಾರೆ ಎಂದು ಅದನ್ನು ಮಡಿಚಿಟ್ಟರು. ತಾಳಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ಇವರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಹೋಗಿ ಬರುತ್ತಿದ್ದರು. ಹೋದಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ: "ಯಾರಾದ್ರೂ ಆ ಕಡೆ ಇಳಿದದ್ದು ಸಿಕ್ಕಿತಾ ಅಣ್ಣಯ್ಯಾ?" ಇವರು ಪುಸ್ತಕ ಹುಡುಕಿದ್ದು, ಇಂಗ್ಲಿಷ್ ಕಲಿತದ್ದು, ಟ್ರಂಕು ತುಂಬಿದ್ದು ಎಲ್ಲ ಅದಕ್ಕೆ. ಒಬ್ಬನಾದರೂ ಆ ಬದಿಗೆ ಇಳಿದು ಬದುಕಿದ್ದಾನೆ ಎಂದು ಎಲ್ಲಾದರೂ ಬರೆದಿದ್ದರೆ, ಗೆಳೆಯನೂ ಬದುಕಿರಬಹುದು. ಇಲ್ಲದಿದ್ದರೆ ಇಲ್ಲ. ಚರಿತ್ರೆ ಗಿರಿತ್ರೆ ಎಲ್ಲ ಆಮೇಲಿನ ಮಾತು.

ಆಮೇಲೆ ನಾನೊಂದು ಜಾಣತನ ಮಾಡಿದೆ. ನನ್ನ ಜಾಣತನಕ್ಕೆ ಬೆಂಕಿ ಬೀಳ. ಉಪಗ್ರಹದಿಂದ ತೆಗೆದ ಚಿತ್ರ ಕಂಪ್ಯೂಟರಿನಲ್ಲೇ ಸಿಗುತ್ತದೆ, ನಿಮ್ಮ ಕಿಂಡಿ ನೀವೇ ನೋಡಬಹುದು ಬನ್ನಿ ಅಂದೆ.

ಹಿಮನದಿಗಳ ಹೆಸರು ಅವರು ಹೇಳಿದರು, ನಾನು ಚಿತ್ರ ಸರಿಸುತ್ತ ಹೋದೆ. ಅರ್ಧ ಗಂಟೆಯೊಳಗೆ ಗುರುತು ಹಿಡಿದರು. "ಇದೇ. ಇಲ್ಲೇ ಡೇರೆ ಹಾಕಿದ್ವಿ." "ಆ ಕಡೆಯಿಂದ ಕಾಣ್ತದೇನವ್ವ?" ನಾನು ಚಿತ್ರವನ್ನು ವಾಲಿಸಿ ತಿರುಗಿಸಿದೆ. ಆಚೆ ಬದಿಯಲ್ಲಿ ಒಂದು ಕಪ್ಪು ಗೋಡೆ. ಮೇಲಿಂದ ತಳದವರೆಗೆ ನೇರ. ತಳದಲ್ಲಿ ಚೂರುಚೂರಾಗಿ ಬಿರಿದ ಹಿಮನದಿ.

"ಇನ್ನೊಂದು ಸಲ ತಿರುಗ್ಸು" ಅಂದರು. ತಿರುಗಿಸಿದೆ. "ಇನ್ನೊಂದು ಸಲ." ಅಂಗಡಿಯ ಮುಂದೆ ಜನ ಸೇರಿ ಬೈಯಲು ಶುರು ಮಾಡಿದರು. ಇವರಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ.

"ಇಳಿಯೋಕೆ ಜಾಗಾನೇ ಇಲ್ಲ" ಅಂದರು ಕಡೆಗೆ. "ಯಾರೂ ಇಳಿದಿಲ್ಲ ಅಂತ ಎಲ್ಲಾ ಪುಸ್ತಕದಲ್ಲೂ ಬರೆದಿದ್ರು ನೋಡವ್ವ. ನಾನೇ, ಇನ್ನೊಂದು ಪುಸ್ತಕದಲ್ಲಿ ಇರಬಹುದು, ಇನ್ನೊಂದರಲ್ಲಿ ಇರಬಹುದು ಅಂತ ಓದ್ತಾ ಬಂದೆ."

ಆವತ್ತು ಟೀ ಬೇಡವೆಂದರು. ಒಂದು ವಾರ ಬರಲಿಲ್ಲ. ಬಂದಾಗ ಗಡ್ಡ ಬಿಟ್ಟಿದ್ದರು. ಕೊನೆಯ ಅಧ್ಯಾಯ ಹೇಳಿ ಬರೆಸಿದರು. ಆ ಕಿಂಡಿಯ ಹತ್ತಿರ ಯಾವ್ಯಾವ ತಂಡ ಹೋಗಿತ್ತು, ಪ್ರತಿಯೊಂದೂ ಯಾಕೆ ಹಿಂದೆ ಬಂತು, ಅದೆಲ್ಲ. ಕೊನೆಯ ಸಾಲು: "ಈ ಕಿಂಡಿಯ ಆಚೆ ಬದಿಗೆ ಈವರೆಗೆ ಯಾರೂ ಇಳಿದಿಲ್ಲ."

"ಇದನ್ನ ಆಕೆಗೆ ಓದಿ ಹೇಳ್ಬೇಕು. ನನ್ನ ಕೈಲಿ ಬಾಯಿಬಿಟ್ಟು ಹೇಳೋಕಾಗಲ್ಲ, ನೀನು ಓದು. ಕೇಳಿದ ಮೇಲೆ ಆಕೆಗೇ ತಿಳೀತದೆ" ಅಂದರು. ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಅಂಗಡಿಗೆ ಬೀಗ ಹಾಕಿ ಅವರ ಜೊತೆ ಸೊರಬದ ಬಸ್ಸು ಹತ್ತಿದೆ.

ಚಂದ್ರಗುತ್ತಿಯಿಂದ ಸ್ವಲ್ಪ ಮುಂದೆ ಆಕೆಯ ಮನೆ. ಆಕೆ ಅಂಗಳದಲ್ಲಿ ತಾಡಪಾಲಿನ ಮೇಲೆ ಹರವಿದ್ದ ಭತ್ತವನ್ನು ಕಾಲಿನಿಂದ ಎಳೆಯುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಹಣೆಯಲ್ಲಿ ಕಾಸಿನಗಲ ಕುಂಕುಮ. "ಬನ್ನಿ ಬನ್ನಿ, ಬಿಸಿಲಲ್ಲಿ ಬಂದ್ರಿ" ಎಂದು ಮಜ್ಜಿಗೆ ಕೊಟ್ಟು, ಕೈಯೊರೆಸಿಕೊಂಡು ಮುಂದೆ ಕೂತರು. ಮೈದುನ, ಅವನ ಹೆಂಡತಿ ಬಾಗಿಲಲ್ಲಿ ನಿಂತರು.

ನಾನು ಓದಿದೆ. ಒಂದು ತಂಡ ಹಿಮಪಾತಕ್ಕೆ ಹೆದರಿ ಹಿಂದೆ ಬಂದದ್ದು, ಇನ್ನೊಂದು ತಂಡ ಕಿಂಡಿಯಲ್ಲಿ ನಿಂತು ಕೆಳಗೆ ನೋಡಿ ಸಾಧ್ಯವಿಲ್ಲ ಎಂದು ತೀರ್ಮಾನಿಸಿದ್ದು, ಒಂದೊಂದಾಗಿ ಎಲ್ಲ. ಆಕೆ ಕಣ್ಣು ಮಿಟುಕಿಸದೆ ಕೇಳಿದರು. ಕೊನೆಯ ಸಾಲನ್ನೂ ಓದಿ ಹಾಳೆ ಮಡಿಚಿದೆ. ಮಿಲ್ಟ್ರಿಯವರು ನೆಲ ನೋಡುತ್ತಿದ್ದರು.

ಆಕೆ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು. ದೇವರಾಣೆ, ಅರಳಿತು.

"ಹಂಗಾದ್ರೆ ಅಣ್ಣಯ್ಯಾ, ಇಲ್ಲೀವರೆಗೆ ಯಾರೂ ಇಳಿದಿಲ್ಲ ಅಂದ್ರೆ, ಮೊದಲು ಇಳಿದವರು ನಮ್ಮನೆಯವರೇ ಆಗಿರಬೇಕಲ್ಲ? ಅದನ್ನೂ ಬರೀರಿ ಮತ್ತೆ!"

ನಾನು ಮಿಲ್ಟ್ರಿಯವರ ಕಡೆ ನೋಡಿದೆ. ಹೇಳ್ರಿ, ಈಗಲಾದರೂ ಹೇಳ್ರಿ ಎಂದು ಕಣ್ಣಲ್ಲೇ ಬೇಡಿಕೊಂಡೆ.

"ಇರಬಹುದು ತಂಗಿ" ಅಂದರು.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಹಿರಿಯರೆಂದೂ ನೋಡದೆ ಬೈದೆ. "ನಿಮ್ಮದೊಂದು ಇರಬಹುದು ಆಕೆಯ ಜನ್ಮಾನೇ ತಿಂದು ಹಾಕಿತಲ್ರಿ! ಒಂದು ಮಾತು, ಸತ್ತ ಅಂತ ಒಂದು ಮಾತು ಹೇಳೋಕೆ ಏನು ಕಷ್ಟ ನಿಮಗೆ? ಕುರಿ ಕಿವಿ ಅಂತೀರಿ, ಮನುಷ್ಯ ಕುರಿಯೇನ್ರಿ?" ಮುಂದಿನ ಸೀಟಿನವರು ತಿರುಗಿ ನೋಡಿದರು.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತು, ಜನ ಇಳಿದು ಸದ್ದು ಕಡಿಮೆಯಾದಾಗ ಅವರು ಹೇಳಿದರು.

"ಕೂಗು ಕೇಳ್ತಿತ್ತವ್ವ."

ನನಗೆ ಅರ್ಥವಾಗಲಿಲ್ಲ.

"ಬಿದ್ದ ಮೇಲೆ ಸಾಯ್ಲಿಲ್ಲ ಅವನು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಕೆಳಗಿಂದ ಕೂಗ್ತಿದ್ದ. ಆಫೀಸರ್ರು ಗಾಳಿ ಅಂದ್ರು. ಅವರಿಗೆ ಕನ್ನಡ ಬರ್ತಿರ್ಲಿಲ್ಲ, ಗಾಳಿ ಅಂತ್ಲೇ ಅನ್ಸಿರ್ಬೇಕು. ನನಗೆ ತಿಳೀತಿತ್ತಲ್ಲ. ಮೊದಮೊದ್ಲು ನನ್ನೇ ಕೂಗ್ತಿದ್ದ, ಹಗ್ಗ ಬಿಡೋ ಅಂತಿದ್ದ. ಇದ್ದ ಹಗ್ಗ ಎಲ್ಲಾ ಬಿಟ್ಟೆ. ಮುಟ್ಲಿಲ್ಲ. ಕಾಣ್ತಾನೂ ಇರ್ಲಿಲ್ಲ. ಆಮೇಲೆ ನನ್ನ ಕೈಬಿಟ್ಟ. ಹೆಂಡ್ತಿ ಹೆಸರು ಹಿಡಿದು ಕೂಗೋಕೆ ಶುರು ಮಾಡ್ದ. ಬಹಳ ಹೊತ್ತು ಅದೇ. ಆಮೇಲೆ ನಿಂತ್ಹೋತು."

"ನಿಂತ್ಹೋದ ಮೇಲೂ ನೀವು, ಬದುಕಿರಬಹುದು ಅಂತ..."

"ಇಳಿದು ಹೋಗಿದ್ದಕ್ಕೆ ನಿಂತಿರಬಹುದು ಅಂದ್ಕೊಂಡೆ. ಅಂದ್ಕೋಬೇಕಲ್ಲವ್ವ. ಇಲ್ಲಾಂದ್ರೆ ನಾನು ಹೆಂಗೆ ಕೆಳಗಿಳೀಲಿ?"

ನಾನು ಅವರಿಗೆ ಅಂದ ಮಾತೆಲ್ಲ ನನ್ನ ಬಾಯಲ್ಲೇ ಕಹಿಯಾಯಿತು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಂದು ಕಾಯುತ್ತಿದ್ದರು. ಬಸ್ಸಿನಲ್ಲಿ ಹೇಳಿದ್ದನ್ನು ಬರೆಸಿದರು. ಬೆಂಚಿನ ಮೇಲೆ ಕೂತು, ತಗ್ಗಿದ ದನಿಯಲ್ಲಿ. ಪೂರ್ಣವಿರಾಮ ಎಂದು ಒಮ್ಮೆಯೂ ಕೂಗಲಿಲ್ಲ, ನಾನೇ ಹಾಕಿಕೊಂಡೆ. "ಸೋಮವಾರ ಮತ್ತೆ ಹೋಗೋಣ. ಈ ಸಲ ನಾನೇ ಹೇಳ್ತೀನಿ. ನೀನು ಓದೋದು ಬೇಡ, ಪಕ್ಕದಲ್ಲಿರು ಸಾಕು" ಅಂದರು.

ಶನಿವಾರ ಎದೆನೋವು ಬಂತಂತೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಸೋಮವಾರ ಬೆಳಿಗ್ಗೆ ಮಗ ಫೋನ್ ಮಾಡಿದ, "ಅಪ್ಪ ಹೋಗಿಬಿಟ್ರು ಅಕ್ಕಾ" ಎಂದು.

ಪುಸ್ತಕ ಇನ್ನೂ ಅಚ್ಚಾಗಿಲ್ಲ. ನನ್ನ ಕಂಪ್ಯೂಟರಿನಲ್ಲಿದೆ, ಹಮಾಲರ 'ಹೆಸರು ಗೊತ್ತಿಲ್ಲ' ಸಮೇತ. ಒಂದಲ್ಲ ಒಂದು ದಿನ ಮಾಡಿಸುತ್ತೇನೆ. ತಾಲ್ಲೂಕು ಆಫೀಸಿನ ಎದುರಿನ ಆ ಸಾಲಿನಲ್ಲಿ ನಾನು ತಲೆಯೆತ್ತಿ ಅಂಗಡಿ ನಡೆಸುತ್ತಿದ್ದರೆ ಅದು ಅವರು ಬೆಂಚಿನ ಮೇಲೆ ಕೂತ ಪುಣ್ಯ. ಅದಕ್ಕೆ ಬದಲಾಗಿ ನಾನು ಅವರಿಗೆ ಮಾಡಿದ್ದು ಒಂದೇ ಕೆಲಸ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಮಿಲ್ಟ್ರಿಯವರನ್ನು ಅವರ ಮನೆಯಂಗಳದಲ್ಲಿ ಮಲಗಿಸಿದ್ದರು. ಹೆಣ್ಣುಮಕ್ಕಳು ಸುತ್ತ ಕೂತು ಹಾಡಿಕೊಂಡು ಅಳುತ್ತಿದ್ದರು. ಹನ್ನೊಂದರ ಹೊತ್ತಿಗೆ ಚಂದ್ರಗುತ್ತಿಯಿಂದ ಆಕೆ ಬಂದರು, ಮೈದುನನ ಜೊತೆ. ದೇಹಕ್ಕೆ ಕೈಮುಗಿದು ಬಂದು ನನ್ನ ಪಕ್ಕದಲ್ಲೇ ಕೂತರು. ಕಣ್ಣಲ್ಲಿ ನೀರಿರಲಿಲ್ಲ, ದಿಗಿಲಿತ್ತು. ಹುಡುಕುವವರು ಒಬ್ಬರಿದ್ದರು, ಅವರೂ ಹೋದರು.

ನನ್ನ ಕೈ ಹಿಡಿದು ಕೇಳಿದರು, "ಹೋಗೋ ಮುಂಚೆ ನನಗೇನಾದ್ರೂ ಹೇಳಿ ಹೋದ್ರಾ ಮಗಾ?"

ಇಲ್ಲ ಅಂದುಬಿಡಬಹುದಿತ್ತು. ಅದು ಎಷ್ಟು ಸುಲಭ ಎಂದು ಆ ಹೊತ್ತಿನಲ್ಲಿ ನನಗೆ ತಿಳಿಯಿತು. ಬಸ್ಸಿನಲ್ಲಿ ಅವರಿಗೆ, ಒಂದು ಮಾತು ಹೇಳೋಕೆ ಏನು ಕಷ್ಟ ಎಂದು ಕೇಳಿದವಳು ನಾನು.

"ಹೇಳಿದ್ರಮ್ಮ" ಅಂದೆ. ಆಕೆಯ ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ. ಬಿದ್ದದ್ದು, ಕೂಗಿದ್ದು, ಹಗ್ಗ ಮುಟ್ಟದೇ ಹೋದದ್ದು. ಕೊನೆಯಲ್ಲಿ ಬಹಳ ಹೊತ್ತು ಆಕೆಯ ಹೆಸರು ಹಿಡಿದೇ ಕೂಗಿದ್ದು, ಆಮೇಲೆ ನಿಂತುಹೋದದ್ದು. "ಸತ್ತು ಹೋದ್ರಮ್ಮ. ಆವತ್ತೇ ಹೋದ್ರು" ಅಂದೆ.

ಆಕೆ ನನ್ನನ್ನೇ ನೋಡಿದರು.

"ನನ್ನ ಹೆಸರಾ?"

"ಹೌದಮ್ಮ. ನಿಮ್ಮ ಹೆಸರೇ."

ಆಕೆ ಎದ್ದು ಹೋಗಿ, ಅಳುತ್ತಿದ್ದವರ ನಡುವೆ ಜಾಗ ಮಾಡಿಕೊಂಡು ಮಿಲ್ಟ್ರಿಯವರ ತಲೆಯ ಬಳಿ ಕೂತರು. ಎರಡೂ ಕೈಯಲ್ಲಿ ಎದೆ ಬಡಿದುಕೊಂಡರು. ನಲವತ್ತು ವರ್ಷದ್ದು ಒಂದೇ ಸಲ ಹೊರಗೆ ಬಂತು.

"ಮನೇಲಿದ್ದಾಗ ಒಂದು ದಿನ ನನ್ನ ಹೆಸರು ಹಿಡಿದು ಕರೀಲಿಲ್ಲವಲ್ಲೋ ನನ್ನ ದೊರೆಯೇ! ಇವಳೇ ಅಂತಿದ್ರಿ, ಏ ಅಂತಿದ್ರಿ! ಅಷ್ಟು ದೂರ ಹೋಗಿ ಕರೆದ್ರಾ? ಅಷ್ಟೊತ್ತು ಕರೆದ್ರಾ? ನನಗೆ ಕೇಳ್ಲಿಲ್ಲವಲ್ಲೋ! ನನಗೊಂದು ಕೂಗೂ ಕೇಳ್ಲಿಲ್ಲವಲ್ಲೋ!"